ಒಂದು ಡಾಲರಿನ ಹಕ್ಕು

ಆರೋಗ್ಯವಂತರ ರಕ್ತದಲ್ಲಿ ಗ್ಲೂಕೋಸ್ ಏರುತ್ತಲೇ ಮೇದೋಜೀರಕ ಗ್ರಂಥಿ ಇನ್ಸುಲಿನ್ ಸ್ರವಿಸುತ್ತದೆ. ಅದು ಮೊದಲು ಯಕೃತ್ತನ್ನು ತಲುಪುತ್ತದೆ. ಕಿಂಚಿತ್ ಪಾಲು ಪಿತ್ತರಸಕ್ಕೂ ಸೇರುತ್ತದೆ. ನನ್ನ ದೇಹ ಈ ಲೆಕ್ಕಾಚಾರವನ್ನು ಮರೆತು ವರ್ಷಗಳಾದವು. ಪ್ರತಿದಿನ ಸೂಜಿ ಹಿಡಿಯುವಾಗ ನನಗೆ ನೆನಪಾಗುವವರು ಫ್ರೆಡರಿಕ್ ಬ್ಯಾಂಟಿಂಗ್.

1891ರ ನವೆಂಬರ್ 14ರಂದು ಕೆನಡಾದ ಆಲಿಸ್ಟನ್ ಬಳಿಯ ರೈತ ಕುಟುಂಬದಲ್ಲಿ ಜನಿಸಿದ ಬ್ಯಾಂಟಿಂಗ್, ಮೊದಲ ಮಹಾಯುದ್ಧದಲ್ಲಿ ಸೇನಾ ವೈದ್ಯರಾಗಿದ್ದು ಗಾಯಗೊಂಡರು. ಯುದ್ಧಾನಂತರ ಒಂಟಾರಿಯೊದ ಲಂಡನ್ ನಗರದಲ್ಲಿ ತೆರೆದ ಚಿಕಿತ್ಸಾಲಯಕ್ಕೆ ರೋಗಿಗಳು ಬರುವುದೇ ಅಪರೂಪವಾಯಿತು. ಜೀವನೋಪಾಯಕ್ಕೆ ಪಾಠ ಹೇಳುತ್ತಿದ್ದ ಅವರಿಗೆ 1920ರ ಅಕ್ಟೋಬರ್ ಕೊನೆಯ ರಾತ್ರಿ ಒಂದು ವಿಚಾರ ಹೊಳೆಯಿತು. ಮೇದೋಜೀರಕದ ನಾಳವನ್ನು ಕಟ್ಟಿದರೆ ಜೀರ್ಣರಸದ ಕೋಶಗಳು ಕ್ಷೀಣಿಸಿ, ಸಕ್ಕರೆಯನ್ನು ಹತೋಟಿಯಲ್ಲಿಡುವ ಒಳಸ್ರಾವ ನಾಶವಾಗದೆ ದೊರೆತೀತು ಎಂಬುದೇ ಆ ವಿಚಾರ.

1921ರ ಬೇಸಿಗೆಯಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮೆಕ್ಲಿಯಡ್ ಪ್ರಯೋಗಾಲಯ ಒದಗಿಸಿದರು. ವಿದ್ಯಾರ್ಥಿ ಚಾರ್ಲ್ಸ್ ಬೆಸ್ಟ್ ಜೊತೆಗೂಡಿದರು. ನಾಯಿಗಳ ಮೇಲಿನ ಪ್ರಯೋಗಗಳ ಬಳಿಕ, 1922ರ ಜನವರಿ 11ರಂದು ಸಾವಿನಂಚಿನಲ್ಲಿದ್ದ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ಅದು ಹೆಚ್ಚು ಫಲ ಕೊಡಲಿಲ್ಲ. ಜೀವರಸಾಯನ ತಜ್ಞ ಜೇಮ್ಸ್ ಕಾಲಿಪ್ ಶುದ್ಧೀಕರಿಸಿದ ಸತ್ವವನ್ನು ಜನವರಿ 23ರಂದು ಕೊಟ್ಟಾಗ ಬಾಲಕನ ಸಕ್ಕರೆ ಇಳಿಯಿತು. ಅಲ್ಲಿಯವರೆಗೆ ಇಂತಹ ಮಕ್ಕಳ ಆಯುಷ್ಯವನ್ನು ಅರೆಹೊಟ್ಟೆಯ ಪಥ್ಯದಿಂದ ಕೆಲಕಾಲ ಎಳೆಯುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು.

ಬ್ಯಾಂಟಿಂಗ್ ಸಂತರೇನಲ್ಲ, ಮುಂಗೋಪಿ, ಸಹೋದ್ಯೋಗಿಗಳ ಮೇಲೆ ಸಂಶಯಪಡುತ್ತಿದ್ದವರು. 1923ರಲ್ಲಿ ನೊಬೆಲ್ ಬಹುಮಾನವು ತಮಗೂ ಮೆಕ್ಲಿಯಡ್ ಅವರಿಗೂ ಬಂದಾಗ ಸಿಡಿದೆದ್ದರು. ಆದರೆ ತಮ್ಮ ಪಾಲಿನ ಹಣವನ್ನು ಬೆಸ್ಟ್ ಜೊತೆ ಹಂಚಿಕೊಂಡರು. ಮೆಕ್ಲಿಯಡ್ ಕೂಡ ಕಾಲಿಪ್‌ಗೆ ಪಾಲು ಕೊಟ್ಟರು. ಅದಕ್ಕೂ ಮೊದಲೇ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಮೂವರೂ ಪೇಟೆಂಟ್ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ್ದರು. 1941ರ ಫೆಬ್ರುವರಿಯಲ್ಲಿ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಸಂಭವಿಸಿದ ವಿಮಾನ ಅಪಘಾತದಲ್ಲಿ ಬ್ಯಾಂಟಿಂಗ್ ನಿಧನರಾದಾಗ ಅವರಿಗೆ 49 ವರ್ಷ.

ಕಳೆದ ತಿಂಗಳು ಔಷಧದಂಗಡಿಯಲ್ಲಿ ನನ್ನ ಮುಂದೆ ನಿಂತಿದ್ದ ತಂದೆಯೊಬ್ಬರು, ಮಗಳಿಗೆ ಬರೆದುಕೊಟ್ಟಿದ್ದ ಎರಡು ಬಾಟಲಿಗಳ ಬದಲು ಒಂದನ್ನೇ ಕೊಂಡು, ಉಳಿದ ಚಿಲ್ಲರೆಯನ್ನು ಎಣಿಸಿಕೊಂಡು ಹೊರಟರು. ಬ್ಯಾಂಟಿಂಗ್ ಜನ್ಮದಿನವೇ ಇಂದು ವಿಶ್ವ ಮಧುಮೇಹ ದಿನ. ನಮ್ಮಲ್ಲಿ ಅದೇ ಮಕ್ಕಳ ದಿನಾಚರಣೆ. ಆ ದಿನ ಭಾಷಣ ಮಾಡುವವರು ಅಂಗಡಿಯ ಆ ಸಾಲಿನಲ್ಲಿ ಒಮ್ಮೆ ನಿಂತು ನೋಡಬೇಕು. ಶತಮಾನದ ಹಿಂದೆ ಮೂವರು ಬಿಟ್ಟುಕೊಟ್ಟ ಲಾಭ ಎಲ್ಲಿಯವರೆಗೆ ತಲುಪಿದೆ ಎಂಬುದು ಅಲ್ಲಿ ತಿಳಿಯುತ್ತದೆ.