ಪುಣೆಗೆ ಹೋದ ಮೈಸೂರಿನ ಹುಡುಗ: ಆ ಪ್ರತಿಭೆಗೆ ದುಡ್ಡು ಕೊಟ್ಟಿದ್ದು ಯಾರು?

ಸೆಪ್ಟೆಂಬರ್ 15 ಬಂತೆಂದರೆ ಪೇಟ ತೊಟ್ಟ ಸರ್ ಎಂ. ವಿಶ್ವೇಶ್ವರಯ್ಯನವರ ಫೋಟೋ ಎಲ್ಲರ ಸ್ಟೇಟಸ್‌ನಲ್ಲೂ ಇರುತ್ತೆ. ಬೀದಿದೀಪದ ಕೆಳಗೆ ಓದಿ, ಯಾರ ಹಂಗೂ ಇಲ್ಲದೆ ಮೇಲೆ ಬಂದವರು ಅನ್ನೋ ಕಥೆ ಜೊತೆಗೇ ಬರುತ್ತೆ. ಅದರ ಬೆನ್ನಿಗೇ ಮೀಸಲಾತಿ ಬಗ್ಗೆ ಒಂದು ಚುಚ್ಚುಮಾತು.

ನನ್ನ ಊರು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿ, ನಾಗರಹೊಳೆ ಕಾಡಿನ ಬಾಗಿಲು. ನಮ್ಮ ಹನಗೋಡು ಹೋಬಳಿಯಲ್ಲಿ ಹರಿಯುವ ಲಕ್ಷ್ಮಣತೀರ್ಥ ಕೊನೆಗೆ ಹೋಗಿ ಸೇರೋದು ಕನ್ನಂಬಾಡಿಯ ಹಿನ್ನೀರಿಗೆ. ಆ ಲೆಕ್ಕದಲ್ಲಿ ವಿಶ್ವೇಶ್ವರಯ್ಯನವರು ನಮಗೆ ದೂರದವರೇನಲ್ಲ. ಅವರ ಬದುಕನ್ನು ಆ ಚುಚ್ಚುಮಾತಿನ ಪಕ್ಕದಲ್ಲಿಟ್ಟು ಓದಿದರೆ ಬೇರೆಯದೇ ಕಥೆ ಕಾಣುತ್ತೆ.

ಅವರು 1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿ ಸಂಸ್ಕೃತ ಪಂಡಿತರು, ತಾಯಿ ವೆಂಕಟಲಕ್ಷ್ಮಮ್ಮ. ಎಳೆ ವಯಸ್ಸಲ್ಲೇ ತಂದೆ ತೀರಿಕೊಂಡರು. ಬಡತನ ನಿಜ, ಅದರಲ್ಲಿ ಅನುಮಾನ ಬೇಡ. ಆದರೆ ಮನೆಯಲ್ಲಿ ತಲೆಮಾರುಗಳಿಂದ ಅಕ್ಷರ ಇತ್ತು, ಬೆಂಗಳೂರಲ್ಲಿ ಆಸರೆಯಾಗಿ ಸೋದರಮಾವನ ಮನೆ ಇತ್ತು. ಸೆಂಟ್ರಲ್ ಕಾಲೇಜಲ್ಲಿ ಓದುವಾಗ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಪಾಠ ಹೇಳಿ ಖರ್ಚು ನೀಗಿಸಿಕೊಂಡರು. 1881ರಲ್ಲಿ ಬಿಎ ಮುಗಿಯಿತು. ಆ ಪದವಿ ಕೊಟ್ಟಿದ್ದು ಮದ್ರಾಸ್ ವಿಶ್ವವಿದ್ಯಾಲಯ, ಮೈಸೂರಿಗೆ ಆಗ ಸ್ವಂತ ವಿಶ್ವವಿದ್ಯಾಲಯವೇ ಇರಲಿಲ್ಲ.

ಎಂಜಿನಿಯರಿಂಗ್ ಪದವಿ ಬೇಕೆಂದರೆ ಸಂಸ್ಥಾನದ ಗಡಿ ದಾಟಲೇಬೇಕಿತ್ತು. ಅವರು ಹೋಗಿದ್ದು ಪುಣೆಯ ಕಾಲೇಜ್ ಆಫ್ ಸೈನ್ಸ್‌ಗೆ. 1854ರಲ್ಲಿ ಶುರುವಾದ ಈ ಸಂಸ್ಥೆ ಬ್ರಿಟಿಷರ ನೇರ ಆಡಳಿತದ ಬಾಂಬೆ ಪ್ರಾಂತ್ಯದಲ್ಲಿತ್ತು. ಮೈಸೂರೋ, ಅದೇ 1881ರ ಮಾರ್ಚ್‌ನಲ್ಲಿ ಐವತ್ತು ವರ್ಷದ ಬ್ರಿಟಿಷ್ ಆಡಳಿತ ಮುಗಿದು ಚಾಮರಾಜ ಒಡೆಯರ ಕೈಗೆ ಮರಳಿದ್ದ ಸಂಸ್ಥಾನ. ಪಾಸ್‌ಪೋರ್ಟ್, ವೀಸಾ ಬೇಕಿರಲಿಲ್ಲ ಅನ್ನೋದು ಬಿಟ್ಟರೆ ಇವತ್ತಿನ ವಿದೇಶಿ ವಿದ್ಯಾರ್ಥಿಯ ಪಾಡೇ: ಬೇರೆ ಸರ್ಕಾರ, ಬೇರೆ ವಿಶ್ವವಿದ್ಯಾಲಯ, ಊರ ತುಂಬ ಮರಾಠಿ.

ಖರ್ಚಿಗೆ ಏನು ಮಾಡಿದರು? ಮೈಸೂರು ಸರ್ಕಾರ ವಿದ್ಯಾರ್ಥಿವೇತನ ಕೊಟ್ಟಿತು. ಸ್ಟೇಟಸ್ ಕಥೆಯಲ್ಲಿ ಬಿಟ್ಟುಹೋಗೋ ಸಾಲು ಇದೇ. ಅದು ರಾಜ್ಯದ ಬೊಕ್ಕಸದ ದುಡ್ಡು. ಆ ಬೊಕ್ಕಸಕ್ಕೆ ಕಂದಾಯ ಕಟ್ಟುತ್ತಿದ್ದವರಲ್ಲಿ ಹೆಚ್ಚಿನವರು ರೈತರು, ತಮ್ಮ ಮಕ್ಕಳನ್ನು ಶಾಲೆಗೆ ಕಳಿಸುವ ಅನುಕೂಲವೇ ಇಲ್ಲದಿದ್ದವರು.

ಸಿಕ್ಕ ಅವಕಾಶವನ್ನು ಅವರು ಒಂದಿಷ್ಟೂ ವ್ಯರ್ಥ ಮಾಡಲಿಲ್ಲ. 1883ರ ಪರೀಕ್ಷೆಯಲ್ಲಿ ಮೊದಲ ಸ್ಥಾನ, ಜೇಮ್ಸ್ ಬರ್ಕ್ಲಿ ಬಹುಮಾನ. 1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಎಂಜಿನಿಯರ್. ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಗೇಟುಗಳು, ಏಡನ್ ನಗರದ ನೀರು ಮತ್ತು ಚರಂಡಿ ಯೋಜನೆ ಎಲ್ಲವೂ ಆ ಓದಿನ ಫಲ.

ಆದರೂ ಅವರ ತಲೆಯ ಮೇಲೆ ಒಂದು ಚಪ್ಪಡಿ ಇತ್ತು. ಭಾರತದ ಲೋಕೋಪಯೋಗಿ ಇಲಾಖೆಗೆಂದೇ ಇಂಗ್ಲೆಂಡಿನ ಕೂಪರ್ಸ್ ಹಿಲ್‌ನಲ್ಲಿ ಬ್ರಿಟಿಷರು ಒಂದು ಕಾಲೇಜು ನಡೆಸುತ್ತಿದ್ದರು. ಅಲ್ಲಿಂದ ಬಂದವರಿಗೆ ಮೇಲಿನ ಹುದ್ದೆಗಳು. ಭಾರತೀಯರಿಗೆ ಅಲ್ಲಿ ಪ್ರವೇಶವೇ ಅಪರೂಪ. ಎಷ್ಟೇ ಕೆಲಸ ಮಾಡಿದರೂ ಚೀಫ್ ಎಂಜಿನಿಯರ್ ಆಗುವ ಆಸೆಯನ್ನು ಭಾರತೀಯರು ಇಟ್ಟುಕೊಳ್ಳುವ ಕಾಲ ಅದಲ್ಲ. 1908ರಲ್ಲಿ ಅವರು ಬಾಂಬೆಯ ನೌಕರಿ ಬಿಟ್ಟರು. ಅರ್ಹತೆ ಕೈಯಲ್ಲಿದ್ದೂ ಹುಟ್ಟಿನ ಕಾರಣಕ್ಕೆ ಬಾಗಿಲು ಮುಚ್ಚೋದು ಅಂದ್ರೆ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು.

1909ರಲ್ಲಿ ಮೈಸೂರಿನ ಚೀಫ್ ಎಂಜಿನಿಯರ್, 1912ರಲ್ಲಿ ದಿವಾನ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು, ಇವತ್ತಿನ ಯುವಿಸಿಇ. ನನ್ನ ಕಣ್ಣಿಗೆ ಅವರ ಕೆಲಸಗಳಲ್ಲಿ ಕಟ್ಟೆಯಷ್ಟೇ ದೊಡ್ಡದು ಈ ಕಾಲೇಜು. ತಾನು ದಾಟಿದ್ದ ಗಡಿಯನ್ನು ಮುಂದಿನ ಹುಡುಗರು ದಾಟಬೇಕಾಗದಂತೆ ಕಾಲೇಜನ್ನೇ ಮನೆ ಬಾಗಿಲಿಗೆ ತಂದರು.

ಆಮೇಲಿನದು ನುಂಗಲು ಕಷ್ಟ. ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣರದ್ದೇ ಮೇಲುಗೈ ಇದ್ದುದರಿಂದ ಉಳಿದ ಸಮುದಾಯದವರು ಪ್ರಜಾಮಿತ್ರ ಮಂಡಳಿ ಕಟ್ಟಿ ಮಹಾರಾಜರ ಬಳಿ ಪಾಲು ಕೇಳಿದರು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮಿಲ್ಲರ್ ಸಮಿತಿ ನೇಮಿಸಿದರು. ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಶಿಕ್ಷಣ ಹರಡಲಿ, ಆದರೆ ನೇಮಕಾತಿಯಲ್ಲಿ ಅರ್ಹತೆಯೊಂದೇ ಅಳತೆಗೋಲಾಗಲಿ ಅನ್ನೋದು ಅವರ ನಿಲುವು. ದಿವಾನಗಿರಿಯಿಂದಲೇ ಹೊರನಡೆದರು. 1955ರಲ್ಲಿ ಭಾರತರತ್ನ ಬಂತು. ನೂರು ದಾಟಿದ ಮೇಲೆ, 1962ರಲ್ಲಿ ತೀರಿಕೊಂಡರು.

ಅವರ ಪ್ರಾಮಾಣಿಕತೆಯನ್ನು ನಾನು ಪ್ರಶ್ನಿಸ್ತಿಲ್ಲ. ನಂಬಿದ್ದಕ್ಕಾಗಿ ಕುರ್ಚಿ ಬಿಡೋರು ಈಗೆಷ್ಟು ಜನ ಇದ್ದಾರೆ ಹೇಳಿ? ಆದರೆ ಅವರ ವಾದಕ್ಕೆ ಉತ್ತರ ಅವರ ಬದುಕಲ್ಲೇ ಇದೆ. ಮಾವನ ಮನೆ, ಪಾಠ ಹೇಳಿ ಬಂದ ದುಡ್ಡು, ಸರ್ಕಾರದ ವಿದ್ಯಾರ್ಥಿವೇತನ: ಈ ಮೂರರಲ್ಲಿ ಒಂದು ತಪ್ಪಿದ್ದರೂ 1883ರ ಆ ಮೊದಲ ಸ್ಥಾನ ಕೈ ತಪ್ಪುತ್ತಿತ್ತೇನೋ. ಅರ್ಹತೆ ಅವರದೇ, ಏಣಿ ಮಾತ್ರ ಊರಿನದು. ಎಲ್ಲರಿಗೂ ಆ ಏಣಿ ಸಿಗದಿರುವಾಗ, ತುದಿಯಲ್ಲಿ ನಿಂತು ಎತ್ತರ ಅಳೆಯೋದು ನ್ಯಾಯವಾ? ಅರ್ಧ ಶತಮಾನದ ಮೇಲೆ ಅದೇ ಪ್ರಶ್ನೆಯನ್ನು ನಮ್ಮ ಹುಣಸೂರಿನ ದೇವರಾಜ ಅರಸು ಹಾವನೂರು ಆಯೋಗದ ಮೂಲಕ ಮತ್ತೆ ಎತ್ತಿದರು.

ಈಗ ನಮ್ಮೂರ ಪಕ್ಕಕ್ಕೇ ಬನ್ನಿ. ನಾಗರಹೊಳೆಯ ಹಾಡಿಗಳಿಂದ ಹೊರಬಂದ ಜೇನುಕುರುಬರು ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿದ್ದಾರೆ. ಅಲ್ಲಿನ ಒಂದು ಹುಡುಗಿ ವಿದೇಶದ ಒಳ್ಳೇ ಕಾಲೇಜಲ್ಲಿ ಎಂಜಿನಿಯರಿಂಗ್ ಓದಬೇಕು ಅಂದುಕೊಳ್ಳಲಿ. ಬುಡಕಟ್ಟು ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಇಡೀ ದೇಶಕ್ಕೆ ವರ್ಷಕ್ಕೆ 20. ಅದರಲ್ಲಿ ಜೇನುಕುರುಬ, ಕೊರಗರಂಥ ಅತಿ ದುರ್ಬಲ ಬುಡಕಟ್ಟುಗಳಿಗೆ 3, ಅಂಥ ಸಮುದಾಯಗಳು ದೇಶದಲ್ಲಿ 75. ಅದೂ ಸ್ನಾತಕೋತ್ತರ ಓದಿನಿಂದ ಮೇಲಕ್ಕೆ ಮಾತ್ರ. ಪಿಯುಸಿ ಮುಗಿಸಿ ಬಿಇ ಮಾಡೋಕೆ ಹೊರಟವಳಿಗೆ ಇಲ್ಲ.

1881ರಲ್ಲಿ ಆಗತಾನೇ ಒಡೆಯರ ಕೈಗೆ ಮರಳಿದ್ದ ಮೈಸೂರು, ತಂದೆಯಿಲ್ಲದ ಒಬ್ಬ ಹುಡುಗನ ಮೇಲೆ ದುಡ್ಡು ಹಾಕಿತು. ಆ ದುಡ್ಡು ಎಷ್ಟು ಪಟ್ಟಾಗಿ ವಾಪಸ್ ಬಂತು ಅಂತ ಹೇಳೋಕೆ ಕನ್ನಂಬಾಡಿ ಇದೆ, ಯುವಿಸಿಇ ಇದೆ. ನಾಗಾಪುರದ ಹುಡುಗಿಯ ಮೇಲೂ ದುಡ್ಡು ಹಾಕಿ ಅಂತ ಕೇಳಿದಾಗ ಮಾತ್ರ ಅದು ಬಿಟ್ಟಿ ಭಾಗ್ಯ ಅನಿಸಿಕೊಳ್ಳುತ್ತೆ. ಅಲ್ಲಿಗೆ 1881ರಲ್ಲಿ ಮೈಸೂರು ಕೊಟ್ಟಿದ್ದನ್ನು ಏನಂತ ಕರೀತೀರಿ?