ಗಾಲ್ಫ್ ಲೋಕದ ವೀರವನಿತೆ ಬೇಬ್ ಜಹರಿಯಾಸ್

ಆಟೋಟಗಳಿಂದ ದೇಹ ಬಲಿಯುತ್ತದೆ, ಮನಸ್ಸು ಅರಳುತ್ತದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಆದರೆ ಆಟವನ್ನೇ ಕಸುಬಾಗಿಸಿಕೊಂಡು ಹೊಟ್ಟೆ ಹೊರೆಯಲು ಹೊರಟವರನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಲೋಕವು ಬಹುಕಾಲ ಆದರದಿಂದ ಕಂಡಿಲ್ಲ. ಅಮೆರಿಕದಂತಹ ಸಂಪದ್ಭರಿತ ದೇಶದಲ್ಲಿಯೂ ಪರಿಸ್ಥಿತಿ ಇದಕ್ಕಿಂತ ಭಿನ್ನವಾಗಿರಲಿಲ್ಲ. ಅಲ್ಲಿ ಒಬ್ಬ ಬಡ ಬಡಗಿಯ ಮಗಳು ಆ ತಾತ್ಸಾರವನ್ನು ಎದುರಿಸಿ ನಿಂತು, ವೃತ್ತಿಪರ ಕ್ರೀಡಾಪಟುವೆಂಬ ಹೆಸರಿಗೆ ಗೌರವ ತಂದಳು. ಆಕೆಯೇ ಬೇಬ್ ಡಿಡ್ರಿಕ್ಸನ್ ಜಹರಿಯಾಸ್.

ಆಕೆ ಹೆಸರು ಮಾಡಿದ ಗಾಲ್ಫ್ ಆಟ ಬೇವೂರು, ಹುನಗುಂದ, ಇಳಕಲ್ಲ ಕಡೆಯ ಮಕ್ಕಳಿಗೆ ಅಷ್ಟು ಪರಿಚಿತವಲ್ಲ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ ಸ್ಥಾಪನೆಯಾಗಿದ್ದರೂ ಅದು ಸಿರಿವಂತರ ಬೇಲಿಯನ್ನು ದಾಟಿ ಹಳ್ಳಿಯ ಕಡೆಗೆ ಬರಲಿಲ್ಲ. ವಿಶಾಲವಾದ ಹಸಿರು ಬಯಲಿನಲ್ಲಿ ನಿಂಬೆಹಣ್ಣಿನ ಗಾತ್ರದ ಬಿಳಿಯ ಚೆಂಡನ್ನು ಕೋಲಿನಿಂದ ಹೊಡೆಯುತ್ತ, ದೂರದೂರದಲ್ಲಿರುವ ಹದಿನೆಂಟು ಕುಳಿಗಳಲ್ಲಿ ಒಂದಾದ ಮೇಲೊಂದರಂತೆ ಬೀಳಿಸಬೇಕು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವರೇ ಗೆದ್ದವರು. ನೋಡಲು ಚಿನ್ನಿ-ದಾಂಡಿನಷ್ಟೇ ಸರಳ. ಆದರೆ ಭುಜದ ಬಲ, ಕಣ್ಣಿನ ಅಳತೆ, ಮನಸ್ಸಿನ ಸ್ತಿಮಿತ ಈ ಮೂರೂ ಒಂದೇ ಕ್ಷಣದಲ್ಲಿ ಕೂಡಿಬರಬೇಕಾದ ಕಠಿಣವಾದ ಆಟ.

ಟೆಕ್ಸಾಸ್ ಪ್ರಾಂತದ ಪೋರ್ಟ್ ಆರ್ಥರ್ ಎಂಬ ರೇವುಪಟ್ಟಣದಲ್ಲಿ 1911ರ ಜೂನ್ 26ರಂದು ಜನಿಸಿದ ಆಕೆಗೆ ತಂದೆತಾಯಿಗಳು ಇಟ್ಟ ಹೆಸರು ಮಿಲ್ಡ್ರೆಡ್. ಅವರು ನಾರ್ವೆ ದೇಶದಿಂದ ವಲಸೆ ಬಂದವರು. ತಂದೆ ಓಲೆ ಹಡಗುಗಳ ಮರಗೆಲಸ ಮಾಡುತ್ತಿದ್ದನು; ತಾಯಿ ಹಾನ್ನಾ ಏಳು ಮಕ್ಕಳನ್ನು ಸಾಕುತ್ತ, ನೆರೆಯವರ ಬಟ್ಟೆ ಒಗೆದುಕೊಟ್ಟು ನಾಲ್ಕು ಕಾಸು ಗಳಿಸುತ್ತಿದ್ದಳು. ಮಗಳು ಚಿಕ್ಕವಳಿರುವಾಗಲೇ ಕುಟುಂಬವು ಸಮೀಪದ ಬ್ಯೂಮಾಂಟ್ ಪಟ್ಟಣಕ್ಕೆ ಬಂದು ನೆಲೆಸಿತು. ಓಲೆ ಮನೆಯ ಹಿತ್ತಲಿನಲ್ಲಿ ತನ್ನ ಕೈಯಾರೆ ಕಸರತ್ತಿನ ಸಾಧನಗಳನ್ನು ನಿಲ್ಲಿಸಿಕೊಟ್ಟನು. ಗಂಡುಮಕ್ಕಳು, ಹೆಣ್ಣುಮಕ್ಕಳು ಎಂಬ ಭೇದವಿಲ್ಲದೆ ಎಲ್ಲರೂ ಅಲ್ಲಿ ಬೆವರು ಸುರಿಸಿದರು. ಅಂಗಡಿಗೆ ಹೋಗಿ ಬರುವಾಗ ಹುಡುಗಿ ಸಾಲುಮನೆಗಳ ಮುಂದಿನ ಗಿಡದ ಬೇಲಿಗಳನ್ನು ಹಾರಿ ಹಾರಿ ಓಡುತ್ತಿದ್ದಳು. ಒಂದು ಬೇಲಿ ಉಳಿದವುಗಳಿಗಿಂತ ಎತ್ತರವಾಗಿತ್ತು. ಅದನ್ನು ಸಮನಾಗಿ ಕತ್ತರಿಸಿಕೊಡಬೇಕೆಂದು ಆ ಮನೆಯ ಯಜಮಾನನನ್ನು ಬೇಡಿಕೊಂಡಳು, ಆತನೂ ಕತ್ತರಿಸಿಕೊಟ್ಟನು. ಶಾಲೆಯ ಬಿಡುವಿನಲ್ಲಿ ಚೀಲಕ್ಕೆ ಒಂದು ಸೆಂಟಿನಂತೆ ಆಲೂಗಡ್ಡೆಯ ಗೋಣಿಚೀಲಗಳನ್ನು ಹೊಲಿದು, ಬಂದ ಹಣದ ಬಹುಪಾಲನ್ನು ತಾಯಿಯ ಕೈಗಿಡುತ್ತಿದ್ದಳು. ‘ಬೇಬ್’ ಎಂಬುದು ಆಕೆಗೆ ಅಂಟಿಕೊಂಡ ಅಡ್ಡಹೆಸರು.

1930ರಲ್ಲಿ ಡಲ್ಲಾಸ್ ನಗರದ ವಿಮಾ ಕಂಪನಿಯೊಂದು ತಿಂಗಳಿಗೆ 75 ಡಾಲರ್ ಸಂಬಳದ ಮೇಲೆ ಆಕೆಯನ್ನು ಕರೆಯಿಸಿಕೊಂಡಿತು. ಹೆಸರಿಗೆ ಕಚೇರಿಯ ಕೆಲಸ. ನಿಜವಾಗಿ ಬೇಕಾಗಿದ್ದುದು ಕಂಪನಿಯ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಒಬ್ಬ ಗಟ್ಟಿ ಆಟಗಾರ್ತಿ. 1932ರ ಜುಲೈ 16ರಂದು ಇಲಿನಾಯ್ ಪ್ರಾಂತದ ಇವಾನ್‌ಸ್ಟನ್ನಿನಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಂಪನಿಯು ತನ್ನ ‘ತಂಡ’ವೆಂದು ಕಳುಹಿಸಿದ್ದು ಆಕೆಯೊಬ್ಬಳನ್ನೇ. ಒಂದೇ ಮಧ್ಯಾಹ್ನ ಎಂಟು ಸ್ಪರ್ಧೆಗಳಲ್ಲಿ ಭಾಗವಹಿಸಿ, ಐದರಲ್ಲಿ ಪ್ರಥಮಳಾಗಿ, ಒಂದರಲ್ಲಿ ಪ್ರಥಮ ಸ್ಥಾನವನ್ನು ಹಂಚಿಕೊಂಡು, ಒಟ್ಟು 30 ಅಂಕಗಳನ್ನು ಸಂಪಾದಿಸಿದಳು. ಎರಡನೆಯ ಸ್ಥಾನ ಪಡೆದ ತಂಡದಲ್ಲಿ ಇಪ್ಪತ್ತೆರಡು ಜನರಿದ್ದರು. ಅವರೆಲ್ಲರ ಅಂಕಗಳು ಸೇರಿ 22.

ಅದೇ ವರ್ಷದ ಲಾಸ್ ಏಂಜಲೀಸ್ ಒಲಿಂಪಿಕ್ ಕೂಟದಲ್ಲಿ ಮಹಿಳೆಗೆ ಮೂರಕ್ಕಿಂತ ಹೆಚ್ಚಿನ ಸ್ಪರ್ಧೆಗಳಲ್ಲಿ ಅವಕಾಶವಿರಲಿಲ್ಲ. ಭರ್ಜಿ ಎಸೆತ ಮತ್ತು 80 ಮೀಟರ್ ಹರ್ಡಲ್ಸ್ ಓಟಗಳಲ್ಲಿ ಚಿನ್ನ, ಎತ್ತರ ಜಿಗಿತದಲ್ಲಿ ಬೆಳ್ಳಿ ಆಕೆಗೆ ದೊರೆತವು. ಜಿಗಿತದಲ್ಲಿ ಸಹಸ್ಪರ್ಧಿ ಜೀನ್ ಶೈಲಿಯಷ್ಟೇ ಎತ್ತರವನ್ನು ಆಕೆಯೂ ದಾಟಿದ್ದಳು. ತಲೆ ಮುಂದಾಗಿ ಹಾರಿದ್ದು ನಿಯಮಬಾಹಿರವೆಂದು ತೀರ್ಪುಗಾರರು ಕೊನೆಯ ಗಳಿಗೆಯಲ್ಲಿ ಚಿನ್ನವನ್ನು ತಪ್ಪಿಸಿದರು.

ಇಷ್ಟು ಕೀರ್ತಿ ಬಂದರೂ ಮನೆಯ ಬಡತನ ನೀಗಲಿಲ್ಲ. ಆ ವರ್ಷದ ಕೊನೆಗೆ ಮೋಟಾರು ಕಾರಿನ ಜಾಹೀರಾತೊಂದರಲ್ಲಿ ಆಕೆಯ ಹೆಸರು ಕಾಣಿಸಿಕೊಂಡದ್ದೇ ಅಪರಾಧವಾಗಿ, ಹವ್ಯಾಸಿ ಕ್ರೀಡಾಸಂಘವು ಆಕೆಯನ್ನು ಹೊರಗಿಟ್ಟಿತು. ಹಣ ಮುಟ್ಟದೆ ಆಡುವವನೇ ಶುದ್ಧ ಕ್ರೀಡಾಪಟು ಎಂಬುದು ಅಂದಿನ ಸಂಘಗಳ ಸಿದ್ಧಾಂತ. ಹಣದ ಚಿಂತೆಯಿಲ್ಲದವರು ರಚಿಸಿದ ಸಿದ್ಧಾಂತವಿದು ಎಂದರೆ ತಪ್ಪಾಗಲಾರದು. ಬೇಬ್ ರಂಗಸ್ಥಳದ ಮೇಲೆ ಹಾರ್ಮೋನಿಕಾ ನುಡಿಸಿದಳು. ಊರೂರು ಅಲೆಯುವ ಬ್ಯಾಸ್ಕೆಟ್‌ಬಾಲ್ ತಂಡ ಕಟ್ಟಿದಳು. ಗಡ್ಡಧಾರಿ ಗಂಡಸರ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆದಳು. ಪತ್ರಿಕೆಗಳು ಗಂಡುಬೀರಿಯೆಂದು ಹಳಿದವು. ಗಳಿಸಿದ್ದನ್ನು ಮನೆಗೆ ಕಳುಹಿಸುತ್ತಲೇ ಆಕೆ ಗಾಲ್ಫಿನ ಅಭ್ಯಾಸಕ್ಕೆ ಕೈಹಾಕಿದಳು. ದಿನವೊಂದಕ್ಕೆ ಸಾವಿರಕ್ಕೂ ಮಿಕ್ಕಿ ಚೆಂಡುಗಳನ್ನು ಹೊಡೆದು, ಅಂಗೈಯಲ್ಲಿ ರಕ್ತ ಒಸರಿದಾಗ ಪಟ್ಟಿ ಸುತ್ತಿಕೊಂಡು ಮತ್ತೆ ಹೊಡೆಯುತ್ತಿದ್ದಳು.

1935ರ ಟೆಕ್ಸಾಸ್ ಮಹಿಳಾ ಹವ್ಯಾಸಿ ಪಂದ್ಯಕ್ಕೆ ಆಕೆ ಹೆಸರು ಕೊಟ್ಟಾಗ, ಕೂಲಿಕಾರರ ಮನೆಯ ಹುಡುಗಿಯರು ಇಲ್ಲಿಗೇಕೆ ಎಂಬ ಅರ್ಥದ ಕುಹಕ ಕುಲೀನ ಮಹಿಳೆಯರ ವಲಯದಿಂದ ಕೇಳಿಬಂದಿತು. ಆಕೆ ಆ ಪಂದ್ಯವನ್ನು ಗೆದ್ದಳು. ಕೆಲವೇ ದಿನಗಳಲ್ಲಿ ಅಮೆರಿಕದ ಗಾಲ್ಫ್ ಸಂಘವು, ಬೇರೆ ಆಟಗಳಿಂದ ಹಣ ಪಡೆದವಳೆಂಬ ಕಾರಣ ಮುಂದೊಡ್ಡಿ, ಆಕೆಗೆ ಹವ್ಯಾಸಿ ಪಂದ್ಯಗಳ ಬಾಗಿಲನ್ನು ಮುಚ್ಚಿತು. ವೃತ್ತಿಪರ ಮಹಿಳೆಯರಿಗಾದರೋ ಆಗ ಪಂದ್ಯಗಳೇ ಬೆರಳೆಣಿಕೆಯಷ್ಟು. 1938ರ ಜನವರಿಯಲ್ಲಿ ಲಾಸ್ ಏಂಜಲೀಸಿನ ಪುರುಷರ ಪಂದ್ಯದಲ್ಲಿಯೇ ಆಕೆ ಕಾಲಿಟ್ಟಳು. ಮುಂದೆ ಸಾಗಲಾಗಲಿಲ್ಲವಾದರೂ, ಅಂದು ಜೊತೆಯಲ್ಲಿ ಆಡಿದ ಜಾರ್ಜ್ ಜಹರಿಯಾಸ್ ಎಂಬ ಜಟ್ಟಿಯನ್ನು ಅದೇ ಡಿಸೆಂಬರ್ 23ರಂದು ವಿವಾಹವಾದಳು.

ಪತಿಯ ಆದಾಯದ ಆಸರೆ ದೊರೆತ ಮೇಲೆ, ವರ್ಷಗಟ್ಟಲೆ ಬಹುಮಾನದ ಹಣವನ್ನು ಮುಟ್ಟದೆ ಕಾದು 1943ರಲ್ಲಿ ಹವ್ಯಾಸಿಯೆಂಬ ಮಾನ್ಯತೆಯನ್ನು ಮರಳಿ ಪಡೆದಳು. 1945ರಲ್ಲಿ ಫೀನಿಕ್ಸ್ ಮತ್ತು ಟೂಸಾನ್‌ಗಳ ಪುರುಷರ ಪಂದ್ಯಗಳನ್ನು ಕೊನೆಯ ದಿನದವರೆಗೂ ಆಡಿದಳು. ಅಮೆರಿಕದ ಪುರುಷರ ಅಂತಹ ಪಂದ್ಯದಲ್ಲಿ ಮತ್ತೊಬ್ಬ ಮಹಿಳೆ ಆಡಿದ್ದು 58 ವರ್ಷಗಳ ಅನಂತರ, 2003ರಲ್ಲಿ; ಸ್ವೀಡನ್ನಿನ ಆನಿಕಾ ಸೋರೆನ್‌ಸ್ಟಾಮ್ ಎರಡು ದಿನಗಳಲ್ಲಿಯೇ ಹೊರಬಿದ್ದಳು. 1946ರಲ್ಲಿ ಬೇಬ್ ಅಮೆರಿಕದ ಹವ್ಯಾಸಿ ಮಹಿಳಾ ಪ್ರಶಸ್ತಿಯನ್ನೂ, 1947ರಲ್ಲಿ ಸ್ಕಾಟ್ಲೆಂಡಿನ ಗಲನ್ ಎಂಬಲ್ಲಿ ಬ್ರಿಟಿಷ್ ಮಹಿಳಾ ಪ್ರಶಸ್ತಿಯನ್ನೂ ಗೆದ್ದಳು. 1893ರಿಂದ ನಡೆದುಬಂದಿದ್ದ ಆ ಪಂದ್ಯವನ್ನು ಅದುವರೆಗೆ ಅಮೆರಿಕದವರಾರೂ ಗೆದ್ದಿರಲಿಲ್ಲ.

ಕಷ್ಟಪಟ್ಟು ಮರಳಿ ಪಡೆದ ಹವ್ಯಾಸಿ ಪದವಿಯನ್ನು ಅದೇ ವರ್ಷ ತಾನಾಗಿಯೇ ತೊರೆದು, ಆಕೆ ಮತ್ತೆ ವೃತ್ತಿಪರಳಾದಳು. 1950ರಲ್ಲಿ ಪ್ಯಾಟಿ ಬರ್ಗ್, ಲೂಯಿಸ್ ಸಗ್ಸ್ ಮೊದಲಾದವರೊಂದಿಗೆ ಸೇರಿ ವೃತ್ತಿಪರ ಮಹಿಳಾ ಗಾಲ್ಫ್ ಸಂಘವನ್ನು ಸ್ಥಾಪಿಸಿದಳು. ಸಂಸ್ಥಾಪಕಿಯರು ಹದಿಮೂವರು. ಅವರೇ ಕಾರು ನಡೆಸಿಕೊಂಡು ಊರಿಂದೂರಿಗೆ ಹೋಗಿ, ತಾವೇ ಮೈದಾನವನ್ನು ಸಜ್ಜುಗೊಳಿಸಿ, ತಾವೇ ಆಡುತ್ತಿದ್ದರು. ಜನ ಟಿಕೆಟು ಕೊಂಡು ಬರುತ್ತಿದ್ದುದು ಬಹುಮಟ್ಟಿಗೆ ಬೇಬ್‌ಳನ್ನು ನೋಡಲು. ಇದು ಆಕೆಗೂ ತಿಳಿದಿತ್ತು. ಅದನ್ನು ಬಚ್ಚಿಡುವ ವಿನಯ ಆಕೆಯಲ್ಲಿರಲಿಲ್ಲ. ಆತ್ಮಪ್ರಶಂಸೆ ಆಕೆಯ ದೊಡ್ಡ ದೋಷ. ಎರಡನೆಯ ಸ್ಥಾನಕ್ಕೆ ಯಾರು ಬರುವಿರೆಂದು ಎದುರಾಳಿಗಳನ್ನು ಕೆಣಕುವಳು. ಆತ್ಮಕಥೆಯಲ್ಲಿ ಹುಟ್ಟಿದ ವರ್ಷವನ್ನೂ 1914 ಎಂದು ಮುಂದೂಡಿಕೊಂಡಳು. ಸಗ್ಸ್‌ಳಿಗೂ ಆಕೆಗೂ ಎಂದೂ ಕೂಡಿಬರಲಿಲ್ಲ. ಆದರೂ ಆಕೆಯಿದ್ದುದರಿಂದಲೇ ಉಳಿದವರ ಮನೆಯ ಒಲೆಯೂ ಉರಿಯಿತೆಂಬುದು ಸುಳ್ಳಲ್ಲ. 1950ರಲ್ಲಿ ಮೂರು ಪ್ರಮುಖ ಪ್ರಶಸ್ತಿಗಳನ್ನೂ ಆಕೆಯೇ ಗೆದ್ದಳು. ಆ ವರ್ಷದ ಬಹುಮಾನದ ಗಳಿಕೆ ಸುಮಾರು 14,800 ಡಾಲರ್.

1953ರ ಏಪ್ರಿಲ್ ತಿಂಗಳಿನಲ್ಲಿ ಬ್ಯೂಮಾಂಟ್ ಆಸ್ಪತ್ರೆಯ ವೈದ್ಯರು ಆಕೆಯ ದೊಡ್ಡ ಕರುಳಿನಲ್ಲಿ ಅರ್ಬುದ ರೋಗವನ್ನು (ಕ್ಯಾನ್ಸರ್) ಗುರುತಿಸಿದರು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು, ಮಲವಿಸರ್ಜನೆಗಾಗಿ ಹೊಟ್ಟೆಯ ಮಗ್ಗುಲಲ್ಲಿ ಕೃತಕ ದ್ವಾರವನ್ನು ಮಾಡಿದರು. ರೋಗವು ಆಗಲೇ ಗ್ರಂಥಿಗಳಿಗೂ ಹಬ್ಬಿತ್ತು. ಆ ಸಂಗತಿಯನ್ನು ಪತಿಗೂ ಆಪ್ತ ಗೆಳತಿ ಬೆಟಿ ಡಾಡ್‌ಳಿಗೂ ತಿಳಿಸಿ, ಆಕೆಯಿಂದ ಮಾತ್ರ ಮರೆಮಾಚಿದರು. ಆಸ್ಪತ್ರೆಯ ಕೋಣೆಯಲ್ಲಿ ಕಣ್ಣಿಗೆ ಬೀಳುವಂತೆ ಗಾಲ್ಫ್ ಕೋಲುಗಳನ್ನು ನಿಲ್ಲಿಸಿಕೊಂಡು ಆಕೆ ಮಲಗಿದ್ದಳು. ಇನ್ನೆಂದಿಗೂ ಆಡಲಾರಳೆಂದು ಬಲ್ಲವರು ನಿರ್ಧರಿಸಿಬಿಟ್ಟಿದ್ದರು. ನಾಲ್ಕು ತಿಂಗಳು ಕಳೆಯುವುದರೊಳಗೆ ಆಕೆ ಷಿಕಾಗೋ ಬಳಿಯ ಪಂದ್ಯದಲ್ಲಿ ಹಾಜರಿದ್ದಳು.

ಕ್ಯಾನ್ಸರಿನ ಹೆಸರನ್ನು ಮನೆಯೊಳಗೂ ಪಿಸುಗುಟ್ಟುತ್ತಿದ್ದ ಕಾಲವದು. ಬೇಬ್ ತನ್ನ ಕಾಯಿಲೆಯನ್ನು ಪತ್ರಿಕೆಗಳ ಮುಂದೆ, ರೇಡಿಯೋದಲ್ಲಿ ಬಹಿರಂಗವಾಗಿ ಹೇಳಿಕೊಂಡಳು. ರೋಗಿಗಳನ್ನು ಕಂಡು ಧೈರ್ಯ ತುಂಬಿದಳು. 1954ರ ಜುಲೈನಲ್ಲಿ ಮ್ಯಾಸಚೂಸೆಟ್ಸಿನ ಸೇಲಂ ಕಂಟ್ರಿ ಕ್ಲಬ್ಬಿನ ಮೈದಾನದಲ್ಲಿ ಅಮೆರಿಕದ ಮಹಿಳಾ ಓಪನ್ ಪಂದ್ಯ ನಡೆಯಿತು. 1948 ಮತ್ತು 1950ರಲ್ಲಿ ಗೆದ್ದಿದ್ದ ಪಂದ್ಯವದು. ಕೊನೆಯ ದಿನ 36 ಕುಳಿಗಳನ್ನು ಆಡಿ ಮುಗಿಸಬೇಕಾಗಿತ್ತು. ಸೊಂಟಕ್ಕೆ ಚೀಲ ಕಟ್ಟಿಕೊಂಡೇ ಬಿಸಿಲಿನಲ್ಲಿ ಆಡಿ, ಒಟ್ಟು 291 ಹೊಡೆತಗಳಲ್ಲಿ ಮುಗಿಸಿದಳು. ಎರಡನೆಯವಳಿಗೂ ಆಕೆಗೂ 12 ಹೊಡೆತಗಳ ಅಂತರವಿತ್ತು.

1955ರಲ್ಲಿ ರೋಗವು ಬೆನ್ನುಮೂಳೆಯ ಬುಡದಲ್ಲಿ ಮರುಕಳಿಸಿತು. ಆ ವರ್ಷವೇ ಕ್ಯಾನ್ಸರ್ ಚಿಕಿತ್ಸೆಯ ನೆರವಿಗಾಗಿ ತನ್ನ ಹೆಸರಿನ ನಿಧಿಯೊಂದನ್ನು ಆಕೆ ಸ್ಥಾಪಿಸಿದಳು. 1956ರ ಸೆಪ್ಟೆಂಬರ್ 27ರಂದು ಗ್ಯಾಲ್ವೆಸ್ಟನ್ ಆಸ್ಪತ್ರೆಯಲ್ಲಿ, ತನ್ನ 45ನೆಯ ವಯಸ್ಸಿನಲ್ಲಿ ಕೊನೆಯುಸಿರೆಳೆದಳು. ಅಂದು ಅಧ್ಯಕ್ಷ ಐಸೆನ್‌ಹೋವರ್ ಅವರು ಪತ್ರಿಕಾಗೋಷ್ಠಿಯನ್ನು ಆಕೆಗೆ ಗೌರವ ಸಲ್ಲಿಸಿಯೇ ಆರಂಭಿಸಿದರು. ಬಾಲ್ಯದಲ್ಲಿ ಬೇಲಿ ಹಾರಿದ ಬ್ಯೂಮಾಂಟಿನಲ್ಲಿಯೇ ಆಕೆಯ ಸಮಾಧಿಯಿದೆ. 1976ರಲ್ಲಿ ಅಲ್ಲಿ ಆಕೆಯ ಸ್ಮಾರಕ ವಸ್ತುಸಂಗ್ರಹಾಲಯ ತೆರೆಯಿತು. 2021ರ ಜನವರಿಯಲ್ಲಿ ಅಮೆರಿಕ ಸರಕಾರವು ತನ್ನ ಅತ್ಯುನ್ನತ ನಾಗರಿಕ ಪದಕವನ್ನು ಮರಣೋತ್ತರವಾಗಿ ಆಕೆಗೆ ನೀಡಿತು.