ಜಾರ್ಜ್ ವಿಂಗೇಟ್ ಸಾಹೇಬರು

ಹೊಲದ ಮೂಲೆಯ ಬಾಂದುಗಲ್ಲನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ನೆಡಿಸಿದವರನ್ನು ನೆನೆಯುವುದು ಅಪರೂಪ. ಆ ಮೋಜಣಿಯನ್ನು ಧಾರವಾಡ ಜಿಲ್ಲೆಗೆ ತಂದವರು ಮುಂಬಯಿ ಸೈನ್ಯದ ಇಂಜಿನಿಯರರಾದ ಜಾರ್ಜ್ ವಿಂಗೇಟ್ (1812–1879).

ಪುಣೆಯ ಸೀಮೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಗೊತ್ತುಮಾಡಿದ್ದ ಕಂದಾಯದ ಭಾರಕ್ಕೆ ರೈತರು ಹೊಲಗಳನ್ನೇ ಬಿಟ್ಟಿದ್ದರು. ಅದನ್ನು ತಿದ್ದಲು ವಿಂಗೇಟರು 1836ರಲ್ಲಿ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ಡರನ್ನು ಕೂಡಿಕೊಂಡರು. ಜೋಡೆತ್ತು ಉಳುವಷ್ಟು ನೆಲಕ್ಕೆ ಒಂದು ಸರ್ವೇ ನಂಬರು. ಬೀಳು ನೆಲಕ್ಕೂ ನಂಬರು. ಮಣ್ಣಿನ ಆಳ, ಬಣ್ಣ ನೋಡಿ ಒಂಬತ್ತು ತರಗತಿ. ಕಂದಾಯ 30 ವರ್ಷ ಕದಲದು. ರೈತನು ಬಾವಿ ತೋಡಿದರೂ ಅಷ್ಟರಲ್ಲಿ ಹೆಚ್ಚು ಕೇಳುವಂತಿಲ್ಲ.

1843ರ ತರುವಾಯ ಈ ಕ್ರಮವು ಹಾನಗಲ್ಲಿಗೂ, ಶಿಗ್ಗಾವಿಯಿದ್ದ ಬಂಕಾಪುರ ತಾಲೂಕಿಗೂ, ಹಿರೇಕೆರೂರಿದ್ದ ಕೋಡ ತಾಲೂಕಿಗೂ ಹಬ್ಬಿತು. ಸವಣೂರು ಮಾತ್ರ 1948ರವರೆಗೆ ನವಾಬರ ಸಂಸ್ಥಾನವಾಗಿಯೇ ಉಳಿದಿತ್ತು.

ಹೊಲಕ್ಕೆ ಬೆಲೆ ಬಂದಂತೆ ಸಾವಕಾರನ ಕಣ್ಣೂ ಅದರ ಮೇಲೆ ಬಿದ್ದಿತು. ಈ ಅಪಾಯವನ್ನು ವಿಂಗೇಟರೇ 1852ರಲ್ಲಿ ಸರಕಾರಕ್ಕೆ ತಿಳಿಸಿದ್ದರು. 1875ರಲ್ಲಿ ಪುಣೆ, ಅಹಮದನಗರಗಳ ರೈತರು ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು.

ಒಂದು ತಲೆಮಾರಿನ ಮುಂದಾಲೋಚನೆ ಅವರ ಹಿರಿಮೆ. ನೆಲಕ್ಕೆ ಕೊಟ್ಟ ಭದ್ರತೆಯನ್ನು ಉಳುವವನ ಸಾಲಕ್ಕೂ ಸರಕಾರ ಕೊಟ್ಟಿದ್ದರೆ ಅವರ ಕೆಲಸ ಪೂರ್ಣವಾಗುತ್ತಿತ್ತು.